ಅಮಾನತು

ಜುನ್ನರದ ಪೇಟೆ ದಾಟಿ,
ಟೊಮೆಟೊ ಕ್ರೇಟು ಹೇರಿದ ಟೆಂಪೊಗಳ ಸಾಲು ದಾಟಿ,
ದ್ರಾಕ್ಷಿ ಚಪ್ಪರದ ಬೆನ್ನಿಗೆ
ಕರಿಕಲ್ಲಿನ ಗುಮ್ಮಟ.
ಯಾವ ಶಾಹನದು?
ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಹೆಸರು,
ಇಲಾಖೆಯ ಕಡತದಲ್ಲಿ ಬರೀ ನಂಬರು.

ನನ್ನ ಕೆಲಸ ಅಳೆಯುವುದು.
ಟೇಪು, ತೂಕದ ಗುಂಡು, ಮಡಚುವ ಏಣಿ.
ಹೊರಗೋಡೆ ಒಂದೊಂದೂ ಹದಿನಾಲ್ಕು ಮೀಟರು,
ಪಡುವಣದ್ದು ಮಾತ್ರ ನಾಲ್ಕು ಬೆರಳು ಕಮ್ಮಿ.
ಇನ್ನೊಮ್ಮೆ ಅಳೆದೆ. ಕಮ್ಮಿಯೇ.
ಆ ನಾಲ್ಕು ಬೆರಳಿನಲ್ಲಿ ಯಾರೋ ಸಿಕ್ಕಂತಾಯಿತು:
ದಾರ ಹಿಡಿದ ಗವಂಡಿ,
ಇಲ್ಲವೇ ದಾರದ ಆಚೆ ತುದಿ ಹಿಡಿದು
ಗಿಳಿ ನೋಡುತ್ತ ನಿಂತ ಅವನ ಮಗ.

ಒಳಗೆ, ಚೌಕ ದುಂಡಾಗುವುದೇ ಇಡೀ ಕತೆ.
ಮೂಲೆಗೊಂದು ಓರೆ ಕಮಾನು, ನಾಲ್ಕು ಎಂಟಾಗುತ್ತದೆ,
ಎಂಟು ಹದಿನಾರು, ಅದರಾಚೆ
ಲೆಕ್ಕ ಬಿಟ್ಟು ಕಲ್ಲು ತಾನೇ ಬಾಗುತ್ತದೆ,
ಕೊಡ ಹೊತ್ತವಳು ಸಿಂಬಿ ಸರಿಪಡಿಸಿಕೊಳ್ಳುವಾಗ
ಕತ್ತು ಬಾಗಿದಂತೆ.
ಹೊರಗೆ ಬುಡದ ಸುತ್ತ ಗಚ್ಚಿನ ತಾವರೆ ಎಸಳು,
ಹೂ ಬಿರಿದು ಕಾಯಿ ಕಚ್ಚಿದೆ ಆಕಾಶಕ್ಕೆ.

ಅಪ್ಪ ಇದನ್ನು ಬಿಜಾಪುರದ ಬಿಸಿಲಲ್ಲಿ
ಹೆಗಲ ವಸ್ತ್ರ ಹಾಸಿ ತೋರಿಸಿದ್ದ:
"ನಾಕು ಮೂಲಿ ಮಡಚು, ಎಂಟಾತು. ಮತ್ತ ಮಡಚು.
ಹಠ ಮಾಡೋ ಮೂಲಿಗೆ ಇಷ್ಟ ಸಾಕು ನೋಡು."

ಕೀಲಿಕೈ ಜೈತುನಬಿಯ ಸೆರಗಿನ ಗಂಟಿನಲ್ಲಿ.
ಮೇಲಿನ ಗೋರಿ ನೋಡುವವರಿಗೆ,
ನಿಜದ್ದು ಕೆಳಗೆ, ನೆಲಮಾಳಿಗೆಯಲ್ಲಿ.
"ಕೆಳಗೇನಿದೆ ಭಾಯಿ? ಖಾಲಿ.
ಅಮಾನತ್ ಇತ್ತು. ಒಯ್ದರು."
ಶಾಹನನ್ನು ಮಣ್ಣಿಗೆ ಕೊಟ್ಟಿರಲಿಲ್ಲವಂತೆ,
ಇಟ್ಟಿದ್ದರಂತೆ ಅಷ್ಟೇ:
ಮಣ್ಣೇ, ಇವನನ್ನು ನೋಡಿಕೋ, ಬರುತ್ತೇವೆ.
ಮಾತಿನಂತೆ ಬಂದರು. ಎಲುಬು ಎಣಿಸಿ, ಪರಿಮಳದ ನೀರಲ್ಲಿ ತೊಳೆದು,
ಒಂಟೆಯ ಬೆನ್ನು, ಹಡಗಿನ ಹೊಟ್ಟೆ, ಕರ್ಬಲೆಯ ದಾರಿ.
ಮಣ್ಣು ಎಲ್ಲ ಒಪ್ಪಿಸಿತೇ?
"ಒಂದು ಹಲ್ಲು ಸಹ ಇಟ್ಟುಕೊಳ್ಳಲಿಲ್ಲ,"
ಎಂದಳು, ತನ್ನದೇ ಮನೆತನದ ಮಾನದಂತೆ.

ನನಗೆ ಗೊತ್ತಿದ್ದ ಅಮಾನತು ಬೇರೆ.
ಅರ್ಧ ಹಾಳೆ, ನೇರಳೆ ಮುದ್ರೆ,
ಕೆಳಗೆ, "ಮುಂದಿನ ಆದೇಶದವರೆಗೆ".
ಮೌನೇಶಪ್ಪ, ಇಲಾಖೆಯ ಗವಂಡಿ,
ಗುತ್ತಿಗೆದಾರ ಮೆತ್ತಿಸಿದ ಸಿಮೆಂಟನ್ನು
ಒಂದೇ ರಾತ್ರಿ ಉಳಿಯಿಂದ ಎಬ್ಬಿಸಿ ಹಾಕಿದ ತಪ್ಪಿಗೆ.
ಕಲ್ಲಿಗೆ ಉಸಿರುಗಟ್ಟುತ್ತದೆ ಅಂದನಂತೆ ವಿಚಾರಣೆಯಲ್ಲಿ.
ಸಾಹೇಬರು ನಕ್ಕರಂತೆ.
ಹನ್ನೊಂದು ವರ್ಷ, ಅಮಾವಾಸ್ಯೆಗೊಮ್ಮೆ
ಉಳಿಗಳಿಗೆ ಎಣ್ಣೆ ಸವರಿ ಬಾಗಿಲಲ್ಲಿ ಕೂತ,
ಸುಣ್ಣ, ಬೆಲ್ಲ, ಅಂಟವಾಳದ ಪಾಕ
ಬಾಯಲ್ಲೇ ಕಲಸುತ್ತ.
ಮುಂದಿನ ಆದೇಶ ಬರಲಿಲ್ಲ.
ಒಯ್ಯಲು ಯಾರೂ ಬರಲಿಲ್ಲ.

ಇಳಿದೆ. ಏಳು ಮೆಟ್ಟಿಲು, ಎಂಟನೆಯದು ಮುರಿದಿದೆ.
ಬಾವಲಿಯ ವಾಸನೆ ಇರಬೇಕಿತ್ತು,
ಇದ್ದದ್ದು ಬೇರೆ. ಮೊಬೈಲು ಬೆಳಕು ಬಿಟ್ಟೆ:
ಶಾಹ ಮಲಗಿದ್ದ ಉದ್ದಕ್ಕೂ
ಈರುಳ್ಳಿ ಚೀಲ. ಮೂವತ್ತೋ, ನಲವತ್ತೋ.
"ನನ್ನ ತಮ್ಮನದು," ಮೇಲಿಂದ ಜೈತುನಬಿ,
"ರೇಟು ಬರೋವರೆಗೆ. ತಣ್ಣಗಿರುತ್ತದಲ್ಲ.
ನಿನ್ನ ಕಾಗದದಲ್ಲಿ ಬರೆಯಬೇಡಪ್ಪ."

ಟೇಪಿನ ಆಚೆ ತುದಿ ಹಿಡಿಯಲು ಅವಳೇ ಇಳಿದಳು.
ಚೀಲ ಸರಿಸಿ ಸರಿಸಿ ಅಳೆದೆವು
ಒಬ್ಬ ಇಲ್ಲದವನ ಉದ್ದ ಅಗಲ.

ನಕ್ಷೆಯಲ್ಲಿ ಈರುಳ್ಳಿ ಬರೆಯಲಿಲ್ಲ.
ನಾಲ್ಕು ಬೆರಳು ಬರೆದೆ.
ಸರಾಸರಿ ತೆಗೆದು ಚೌಕ ಮಾಡಿ ಎನ್ನುತ್ತಾರೆ ಕಚೇರಿಯಲ್ಲಿ,
ಎನ್ನಲಿ.

ನಾರಾಯಣಗಾವದ ಬಸ್ಸಿನಲ್ಲಿ ಪಕ್ಕದವನು
ಮೂಗರಳಿಸಿ ಕೇಳಿದ: ಮಾರ್ಕೆಟ್ಟಿಂದ ಬಂದಿರಾ?
ಏನು ನಡೀತಿದೆ ರೇಟು?
ಇನ್ನೂ ಬಂದಿಲ್ಲ, ಎಂದೆ.